ಸಿಗಾರ್ ಬೀರುವಿಗೆ ಮಲ್ಲಿಗೆ ಮುಡಿಸಿದ್ದು

ಹೋಟೆಲ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಎಲ್ಲಾದರೂ ಸಿಕ್ಕಿದರೆ, “ಸಾರ್, ನೀವು ಯಾವ ಡಿಪಾರ್ಟ್‌ಮೆಂಟಿನಲ್ಲಿದ್ದಿರಿ?” ಎಂದು ಕೇಳುತ್ತಾರೆ. “ತೇವದ ಡಿಪಾರ್ಟ್‌ಮೆಂಟು” ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಹೇಳುವುದು ಸುಳ್ಳಲ್ಲ. ಶ್ರೀರಂಗಪಟ್ಟಣದ ಹೊಳೆದಂಡೆಯ ಹೋಟೆಲೊಂದರ ಬಾರಿನಲ್ಲಿ ಸ್ಟೂವರ್ಡ್ ಆಗಿ ಸೇರಿ ಅಲ್ಲೇ ನಿವೃತ್ತನಾದವನು ನಾನು. ಆ ಅಷ್ಟೂ ವರ್ಷಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ, ಒಂದು ಮರದ ಬೀರುವಿನೊಳಗಿನ ಗಾಳಿ ತೀರಾ ಒಣಗದಂತೆ, ತೀರಾ ತೊಯ್ಯದಂತೆ ನೋಡಿಕೊಂಡದ್ದು. ಆ ಬೀರುವಿನಲ್ಲಿ ಸಿಗಾರುಗಳಿದ್ದವು.

ನನಗೆ ಯಾವಾಗ ಕ್ಯಾಪ್ಟನ್ ಪಟ್ಟ ಬಂತು, ಯಾವಾಗ ಕೋಟಿನ ಬಣ್ಣ ಬದಲಾಯಿತು ಎಂಬುದನ್ನೆಲ್ಲ ಇಲ್ಲಿ ಬರೆಯಲು ಹೋಗುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ. ಆದರೆ ಆ ಬೀರುವಿನ ಸುದ್ದಿ ಬಂದರೆ ಸಾಕು, ಈಗಲೂ ನನ್ನ ದನಿ ಏರುತ್ತದೆ, ಎರಡೂ ಕೈ ತಾವಾಗಿಯೇ ಆಡಲು ಶುರುವಾಗುತ್ತವೆ. ಎದುರಿಗೆ ಕೂತವರು ಕಾಫಿ ಲೋಟವನ್ನು ಒಂದಿಷ್ಟು ಆಚೆ ಸರಿಸಿಕೊಳ್ಳುತ್ತಾರೆ.

ನಮ್ಮೂರು ನಾಗಮಂಗಲದ ಕಡೆಯ ದೇವಲಾಪುರ. ರಾಗಿ, ಹುರುಳಿಯ ಒಣಸೀಮೆ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ರಜಕ್ಕೆ ಹೋದಾಗ ಅವ್ವ ಮುದ್ದೆಗೆ ಸಾರು ಬಿಡುತ್ತಾ ಕೇಳಿದಳು.

“ಓಟ್ಲಲ್ಲಿ ಏನ್ ಕೆಲ್ಸ ಕೊಟ್ಟವ್ರಪ್ಪಾ?”

“ಚುಟ್ಟ ಒಣಗದಂಗೆ ನೋಡ್ಕಳದು ಕಣವ್ವಾ.”

ಅವ್ವ ಸೌಟು ಹಿಡಿದುಕೊಂಡೇ ನಿಂತಳು. “ಚುಟ್ಟ ಒಣಗದಿದ್ರೆ ಅತ್ಕೊಳದೆಂಗ್ಲಾ?”

ಬಾರಿನ ಮ್ಯಾನೇಜರ್ ಆಗಿದ್ದ ಉತ್ತಯ್ಯ ಸಾರ್‌ಗೆ ಇದನ್ನು ಹೇಳಿದೆ. ಅವರು ಕೊಡಗಿನವರು, ನಗುವುದರಲ್ಲಿ ಬಲು ಜಿಪುಣರು. “ನಿಮ್ಮ ತಾಯಿ ಕೇಳಿದ್ದೇ ಸರಿಯಾದ ಪ್ರಶ್ನೆ. ಒದ್ದೆಯಾದರೆ ಹತ್ತಲ್ಲ, ಒಣಗಿದರೆ ಪಟಪಟ ಅಂತ ಉರಿದುಹೋಗುತ್ತೆ, ನಾಲಿಗೆ ಸುಡುತ್ತೆ. ಇವೆರಡರ ಮಧ್ಯೆ ನಿನ್ನ ನೌಕರಿ ಇದೆ” ಎಂದರು. ಅಷ್ಟೇ ನನ್ನ ಟ್ರೈನಿಂಗು.

ಬೀರು ಬಂದ ದಿನ ಇಡೀ ಹೋಟೆಲು ನೋಡಲು ಬಂದಿತ್ತು. ಎದುರಿಗೆ ಗಾಜಿನ ಬಾಗಿಲು, ಒಳಗೆಲ್ಲ ಸೀಡರ್ ಮರದ ಹಲಗೆಗಳು. ಬಾಗಿಲು ತೆಗೆದರೆ ಪೆನ್ಸಿಲ್ ಕೆತ್ತಿದ ವಾಸನೆ. ನಾನು ಅವತ್ತೇ ಸಿಗಾರುಗಳನ್ನು ಜೋಡಿಸಲು ಹೊರಟಿದ್ದೆ. ಉತ್ತಯ್ಯ ಸಾರ್ ಹಿಂದಿನಿಂದ ಕೂಗಿದರು. ಹೊಸ ಮರಕ್ಕೆ ಬಾಯಾರಿರುತ್ತದಂತೆ. ಮೊದಲು ಅದಕ್ಕೆ ಕುಡಿಸಬೇಕು, ಇಲ್ಲವಾದರೆ ಅದು ಸಿಗಾರಿನ ಪಸೆಯನ್ನೇ ಹೀರಿಕೊಳ್ಳುತ್ತದೆ. ಸರಿ, ಒಂದೊಂದು ಹಲಗೆಯ ಮೇಲೂ ಬಟ್ಟಲಲ್ಲಿ ನೀರಿಟ್ಟು ಬಾಗಿಲು ಹಾಕಿ ಕಾದದ್ದೇ ಕಾದದ್ದು. ಅಡುಗೆಮನೆಯ ಹಿರಿಯ ಕಾಳೇಗೌಡ, ಬೂಕನಕೆರೆಯವನು, ದಿನಾ ಬಂದು ಗಾಜಿನಲ್ಲಿ ಇಣುಕುತ್ತಿದ್ದ. “ಏನ್ಲಾ ಪುಟ್‌ಸ್ವಾಮಿ, ಬೀರುವೊಳಗೆ ಬೆಕ್ಕು ಸಾಕಿದ್ದೀಯೇನ್ಲಾ? ನೀರಿಟ್ಟಿದ್ದೀಯ, ಆಲ್ನೂ ಇಡ್ಲಾ!”

ಆ ನೀರಿನದೂ ಒಂದು ಕಥೆ. ನಲ್ಲಿ ನೀರು ಆಗದು. ಅದರಲ್ಲಿ ಸುಣ್ಣದ ಅಂಶ ಇರುತ್ತದೆ, ಬಿಳಿ ಪೊರೆ ಕಟ್ಟುತ್ತದೆ, ಹಿಂದೆಯೇ ಬೂಷ್ಟು ಬರುತ್ತದೆ. ಬಟ್ಟಿ ಇಳಿಸಿದ ನೀರೇ ಆಗಬೇಕು. ಅದನ್ನು ಎಲ್ಲಿಂದ ತರುವುದು? ಪಾಂಡವಪುರದ ಬ್ಯಾಟರಿ ಅಂಗಡಿಯಿಂದ! ಲಾರಿ, ಟ್ರಾಕ್ಟರಿನ ಬ್ಯಾಟರಿಗೆ ಹಾಕುವ ನೀರು. ಅಂಗಡಿಯವನು ಪ್ರತಿ ಸಲವೂ “ಯಾವ ಗಾಡಿ ಸ್ವಾಮಿ?” ಎನ್ನುತ್ತಿದ್ದ. “ಗಾಡಿ ಅಲ್ಲಪ್ಪ, ಬೀರು” ಎಂದರೆ ನಂಬುತ್ತಿರಲಿಲ್ಲ. ಕೊನೆಗೆ ಸಾಕಾಗಿ “ಟ್ರಾಕ್ಟರು” ಎಂದುಬಿಟ್ಟೆ. ಆಮೇಲಿಂದ ಹೋದಾಗಲೆಲ್ಲ “ಟ್ರಾಕ್ಟರು ಎಂಗ್ ಓಡ್ತಾ ಅದೆ?” ಎಂದು ವಿಚಾರಿಸಿಕೊಳ್ಳುವನು. “ಚೆನ್ನಾಗಿ ಓಡ್ತಾ ಅದೆ” ಎನ್ನುತ್ತಿದ್ದೆ.

ಬೀರುವಿನೊಳಗೆ ತೇವ ಅಳೆಯುವ ಒಂದು ಗುಂಡನೆಯ ಮೀಟರಿತ್ತು, ಹಿತ್ತಾಳೆಯ ಅಂಚಿನದು. ಅದರ ಮುಳ್ಳು ಎಪ್ಪತ್ತರ ಆಸುಪಾಸಿನಲ್ಲಿದ್ದರೆ ಸಿಗಾರು ಸುಖವಾಗಿದೆ ಎಂದರ್ಥ. ನಮ್ಮದು ಯಾವಾಗ ನೋಡಿದರೂ ಎಪ್ಪತ್ತೇ! ನಮಗೋ ಹೆಮ್ಮೆ. ಒಂದು ಬೇಸಿಗೆಯಲ್ಲಿ, ಏಸಿ ಎಡೆಬಿಡದೆ ಓಡುತ್ತಿದ್ದ ಕಾಲ, ಒಬ್ಬ ಗೆಸ್ಟು ಸಿಗಾರನ್ನು ಎರಡು ಬೆರಳಲ್ಲಿ ಒತ್ತಿದರು ನೋಡಿ, ಒಣಗಿದ ಅವರೆಸಿಪ್ಪೆಯ ಹಾಗೆ ಚರಕ್ಕೆಂದು ಒಡೆಯಿತು. ಪುಡಿಯೆಲ್ಲ ಅವರ ಬಿಳಿ ಪ್ಯಾಂಟಿನ ಮೇಲೆ. ಮೀಟರು ಮಾತ್ರ ಒಳಗೆ ಎಪ್ಪತ್ತು ತೋರಿಸುತ್ತಾ ಕೂತಿತ್ತು.

ಉತ್ತಯ್ಯ ಸಾರ್ ಬೈಯಲಿಲ್ಲ. ಅಡುಗೆಮನೆಯಿಂದ ಉಪ್ಪು ತರಿಸಿದರು. ಬಾಟಲಿಯ ಮುಚ್ಚಳಕ್ಕೆ ಉಪ್ಪು ಹಾಕಿ, ಕೆಸರಿನ ಹದಕ್ಕೆ ನಾಲ್ಕು ಹನಿ ನೀರು ಬಿಟ್ಟು, ಅದನ್ನೂ ಮೀಟರನ್ನೂ ಒಂದೇ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದರು. ಒದ್ದೆ ಉಪ್ಪು ಮುಚ್ಚಿದ ಡಬ್ಬಿಯಲ್ಲಿದ್ದರೆ ಒಳಗಿನ ತೇವ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ. ಮೀಟರು ಸರಿಯಿದ್ದರೆ ಮಾರನೆಯ ದಿನ ಅಷ್ಟನ್ನೇ ತೋರಿಸಬೇಕು. ನಮ್ಮ ಮಹಾರಾಯ ಆಗಲೂ ಎಪ್ಪತ್ತೇ. ಮುಳ್ಳು ಯಾವ ಕಾಲಕ್ಕೋ ಸಿಕ್ಕಿಕೊಂಡು ಸತ್ತುಹೋಗಿತ್ತು! “ಮೀಟರಿಗೆ ಸಂಬಳ ಇಲ್ಲ, ನಿನಗಿದೆ. ಬೆರಳಲ್ಲಿ ನೋಡು” ಎಂದರು. ಮೆಲ್ಲಗೆ ಒತ್ತಿದರೆ ಸಿಗಾರು ಒಂಚೂರು ಬಗ್ಗಬೇಕು, ಬಿಟ್ಟರೆ ಮತ್ತೆ ಎದ್ದು ನಿಲ್ಲಬೇಕು. ಹುಡುಗರೇ, ನಿಮ್ಮ ಕೈಗೆ ಎಂಥ ಮಿಷಿನ್ ಕೊಟ್ಟರೂ ಮೊದಲು ಅದಕ್ಕೊಂದು ಉಪ್ಪಿನ ಪರೀಕ್ಷೆ ಮಾಡಿ.

ಒಣಗಿದ್ದು ಗೊತ್ತಾದ ಮೇಲೆ ಗಡಿಬಿಡಿ ಮಾಡಿ ನೀರುಣಿಸಬಾರದು. ಒಳಗಿನ ಎಲೆ ಊದಿಕೊಂಡು ಹೊರಗಿನ ಎಲೆ ಸೀಳುತ್ತದೆ. ದಿನಕ್ಕಿಷ್ಟು, ದಿನಕ್ಕಿಷ್ಟು ಎಂದು ಮೆಲ್ಲಗೆ ಕರೆತರಬೇಕು. ಆಷಾಢದಲ್ಲಿ ಇದರ ಉಲ್ಟಾ ಪಾಡು. ಹೊಳೆ ತುಂಬಿ ಗಾಳಿಯೆಲ್ಲ ಒದ್ದೆ, ಬಾಗಿಲು ತೆಗೆದರೆ ಸಾಕು ತೇವ ಒಳಗೆ ನುಗ್ಗುವುದು. ಆಗ ಸೀಡರಿನ ಒಣ ಚಕ್ಕೆಗಳನ್ನಿಟ್ಟು ಹೀರಿಸಬೇಕು.

ಇನ್ನು ಹುಳು. ಸೆಕೆ ಏರಿದರೆ ಸಿಗಾರಿನೊಳಗೆ ಸಾಸಿವೆಯಷ್ಟು ಹುಳು ಹುಟ್ಟಿ, ಸೂಜಿ ಚುಚ್ಚಿದ ಹಾಗೆ ತೂತು ಕೊರೆಯುತ್ತದೆ. ಒಂದರಲ್ಲಿ ಕಂಡರೆ ಎಲ್ಲವನ್ನೂ ಡೀಪ್ ಫ್ರೀಜರಿನಲ್ಲಿಡಬೇಕು. ಫ್ರೀಜರು ಕಾಳೇಗೌಡನದು. “ನನ್ ಮೀನ್ ಪಕ್ಕ ನಿನ್ ಉಳ ಇಡಾಕೆ ಬುಡಕಿಲ್ಲ ಕಣ್ಲಾ” ಎಂದು ಬಾಗಿಲಿಗೆ ಅಡ್ಡ ನಿಂತ. “ಉಳಾನ ಸಾಯ್ಸಾಕೇ ಕಣಯ್ಯ ಇಡ್ತಿರೋದು” ಎಂದು ಎಷ್ಟು ಹೇಳಿದರೂ ಕೇಳಲೊಲ್ಲ. ನಾನು ಸಿಗಾರುಗಳನ್ನು ಪದರ ಪದರವಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೋರಿಸಿದ ಮೇಲೆ, ಐಸ್‌ಕ್ರೀಮಿನ ಪಕ್ಕದ ಮೂಲೆ ಬಿಟ್ಟುಕೊಟ್ಟ. ನನಗೂ ಅದೇ ಬೇಕಿತ್ತು. ಮೀನಿನ ವಾಸನೆ ಹೊಡೆಯುವ ಸಿಗಾರನ್ನು ಯಾರು ಸೇದುತ್ತಾರೆ! ಸಿಗಾರು ತನ್ನ ಪಕ್ಕ ಏನಿಟ್ಟರೂ ಅದರ ವಾಸನೆಯನ್ನು ಎಳೆದುಕೊಂಡುಬಿಡುತ್ತದೆ.

ಕಾಲ ಬದಲಾಯಿತು. ನೀರಿನ ಬಟ್ಟಲು ಹೋಗಿ, ತೇವ ಹೆಚ್ಚಾದರೆ ಹೀರುವ, ಕಡಿಮೆಯಾದರೆ ಬಿಡುವ ಪೊಟ್ಟಣಗಳು ಬಂದವು. ಮುಳ್ಳಿನ ಮೀಟರು ಹೋಗಿ ಅಂಕಿ ತೋರಿಸುವ ಮೀಟರು ಬಂತು. ಕಡೆಕಡೆಗೆ ಬೀರುವಿನ ತೇವ ನನ್ನ ಫೋನಿಗೇ ಬರುವಂತಾಯಿತು. ಹಳಬರು ಹೊಸದನ್ನು ಕಂಡರೆ ಮೂಗು ಮುರಿಯುತ್ತಾರೆ ಎಂದುಕೊಂಡಿದ್ದರೆ ನನ್ನನ್ನು ಬಿಟ್ಟುಬಿಡಿ. ನನಗೆ ಹಬ್ಬವಾಗಿತ್ತು! ದೇವಲಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ, ಶ್ರೀರಂಗಪಟ್ಟಣದ ಬೀರುವಿನೊಳಗೆ ಅರವತ್ತೊಂಬತ್ತಿದೆ ಎಂದು ತಿಳಿಯುವ ಖುಷಿ ಯಾರಿಗುಂಟು? ಪಕ್ಕದಲ್ಲಿದ್ದವರಿಗೆಲ್ಲ ತೋರಿಸುತ್ತಿದ್ದೆ.

ಆದರೆ ಆ ಫೋನಿನ ಮೀಟರು ಬರುವುದಕ್ಕೆ ಒಂದಿಷ್ಟು ಹಿಂದೆ ನಡೆದದ್ದನ್ನು ಹೇಳುವುದಕ್ಕೇ ನಾನು ಇಷ್ಟೆಲ್ಲ ಬರೆದದ್ದು.

ಆಗ ಜಯಮ್ಮ ಎಂಬಾಕೆ ಹೋಟೆಲಿನ ಕ್ಲೀನಿಂಗ್ ವಿಭಾಗದಲ್ಲಿದ್ದಳು, ಬಾರಿನ ಕೆಲಸ ಆಕೆಯದು. ಪಾಲಹಳ್ಳಿಯವಳು, ನನ್ನನ್ನು ಅಣ್ಣ ಎನ್ನುತ್ತಿದ್ದಳು. ಕಂಟ್ರಾಕ್ಟಿನ ಮೇಲೆ ಇದ್ದವಳು. ಕಂಟ್ರಾಕ್ಟರು ಬದಲಾದಾಗಲೆಲ್ಲ ಮನೆಯಲ್ಲಿ ಕೂರಬೇಕು, ಮತ್ತೆ ಯಾರದೋ ಕೈಕಾಲು ಹಿಡಿದು ಬರಬೇಕು. ಆ ವರ್ಷ ದಸರಾ ಕಳೆದ ಮೇಲೆ ಕೆಲವರನ್ನು ಪರ್ಮನೆಂಟ್ ಮಾಡುತ್ತಾರೆಂದು ಸುದ್ದಿಯಾಗಿತ್ತು. ಬಾರಿನ ಕಡೆಯಿಂದ ಒಬ್ಬರ ಹೆಸರು ಹೇಳಬೇಕಾದವರು ಉತ್ತಯ್ಯ ಸಾರ್. ಜಯಮ್ಮನ ಹೆಸರೇ ಹೋಗುತ್ತದೆಂದು ನಮಗೆಲ್ಲ ನಂಬಿಕೆ. ಆಕೆ ಒರೆಸಿದ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಿತ್ತು.

ಆಯುಧಪೂಜೆಗೆ ನಾನು ಊರಿಗೆ ಹೋದೆ. ಹೋಟೆಲಿನಲ್ಲಿ ಆಯುಧಪೂಜೆ ಎಂದರೆ ಗಲಾಟೆಯೋ ಗಲಾಟೆ. ಅಡುಗೆಮನೆಯ ಚಾಕುಗಳಿಗೆ, ಜನರೇಟರಿಗೆ, ಹುಲ್ಲು ಕತ್ತರಿಸುವ ಮಿಷಿನ್ನಿಗೆ, ಕಂಪ್ಯೂಟರಿಗೆ, ಕಡೆಗೆ ಲಿಫ್ಟಿಗೂ ವಿಭೂತಿ, ಕುಂಕುಮ, ಬಾಳೆಕಂದು. ಹಬ್ಬ ಮುಗಿಸಿ ನಾನು ಬೆಳಿಗ್ಗೆಯ ಬಸ್ಸಿಗೆ ವಾಪಸ್ಸು ಬಂದೆ. ಬರುವ ಭಾನುವಾರ ಹೋಟೆಲಿನ ಹುಲ್ಲುಹಾಸಿನ ಮೇಲೆ ಕೆ.ಆರ್. ಪೇಟೆ ಕಡೆಯ ದೊಡ್ಡ ಮನೆತನದವರ ಆರತಕ್ಷತೆಯಿತ್ತು. ಗಂಡಿನ ಕಡೆಯ ಹಿರಿಯರಿಗೆ ತಟ್ಟೆಯಲ್ಲಿ ಸಿಗಾರು ಹಿಡಿಯಬೇಕೆಂದು ಮೊದಲೇ ಹೇಳಿದ್ದರು. ಸಿಗಾರುಗಳನ್ನು ಒಮ್ಮೆ ನೋಡಿಬಿಡೋಣ ಎಂದು ನೇರವಾಗಿ ಬೀರುವಿನ ಹತ್ತಿರ ಹೋದೆ.

ಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಅಲ್ಲಿಗೆ ಸಂತೋಷವೇ ಆಯಿತು. ಬಾಗಿಲು ತೆಗೆದೆ. ತೆಗೆದವನು ಹಾಗೇ ನಿಂತುಬಿಟ್ಟೆ. ತಂಬಾಕಿನ ವಾಸನೆಯೇ ಇಲ್ಲ, ಛತ್ರದ ವಾಸನೆ! ಒಂದೊಂದು ಹಲಗೆಗೂ ಒಂದೊಂದು ಮೊಳ ಮಲ್ಲಿಗೆ, ನೀರು ಚಿಮುಕಿಸಿದ ಒದ್ದೆ ಮಲ್ಲಿಗೆ. ಸಿಗಾರುಗಳ ಚಿನ್ನದ ಬಣ್ಣದ ಪಟ್ಟಿಗಳಿಗೆ ಒಂದೊಂದು ಚುಕ್ಕೆ ಕುಂಕುಮ. ಸಾಂಬ್ರಾಣಿ ಹೊಗೆಯನ್ನೂ ಒಳಗೆ ತೋರಿಸಿ ಬಾಗಿಲು ಹಾಕಿದ್ದರು. ಮೀಟರಿನ ತಲೆಯ ಮೇಲೆ ಒಂದು ದಾಸವಾಳ. ಅದನ್ನು ಸರಿಸಿ ನೋಡಿದರೆ ತೇವ ಎಂಬತ್ತು ದಾಟಿ ಕೂತಿದೆ.

ಹಿಂದಿನಿಂದ ಜಯಮ್ಮ ನಗುನಗುತ್ತಾ ಬಂದಳು. “ಎಂಗದೆ ಅಣ್ಣ? ಎಲ್ಲಾ ಮಿಷನ್‌ಗೂ ಪೂಜೆ ಮಾಡುದ್ರು, ನಿಮ್ ಬೀರುವೊಂದುಕ್ಕೇ ಯಾರೂ ಮಾಡ್ನಿಲ್ಲ. ನೀವ್ ಇರ್ನಿಲ್ವಲ್ಲ. ಪಾಪ ಅನ್ನುಸ್ತು. ಊವ ನಾನೇ ಕಟ್ಕಂಡ್ ಬಂದೆ.”

ಬೈಯಲು ಬಾಯಿ ಬರಲಿಲ್ಲ. “ಜಯಮ್ಮ, ಇದು ಪಕ್ಕದಲ್ಲಿರೋದ್ರ ವಾಸ್ನೆಯೆಲ್ಲ ಎಳ್ಕೊಬುಡ್ತದೆ ಕಣವ್ವ. ಈಗ ಈ ಸಿಗಾರೆಲ್ಲಾ ಮಲ್ಗೆ ಮಲ್ಗೆ” ಎಂದೆ.

ಆಕೆ ಬಗ್ಗಿ ಒಂದು ಸಿಗಾರನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು. ನಗು ಇಳಿದುಹೋಯಿತು. ಸೆರಗಿನ ತುದಿ ಹಿಡಿದುಕೊಂಡು, “ಅಣ್ಣಾ, ಉತ್ತಯ್ಯ ಸಾರು ಪರ್ಮನೆಂಟ್‌ಗೆ ಎಸ್ರು ಕಳ್ಸೋದು ಈ ವಾರ್ವೇ ಅಲ್ವಾ?” ಎಂದಳು.

ಹೌದು, ಆ ವಾರವೇ. ಬೀರು ಕೆಟ್ಟರೆ ಬಾರಿಗೆ ಬಾರೇ ಉತ್ತಯ್ಯ ಸಾರ್ ಬಾಯಿಗೆ ತುತ್ತಾಗುತ್ತಿತ್ತು. ಕೆಡಿಸಿದವಳ ಹೆಸರನ್ನು ಅವರು ಬರೆದು ಕಳಿಸುತ್ತಾರೆಯೇ? ಅವರು ಮೈಸೂರಿಗೆ ಹೋಗಿದ್ದರು, ಮಾರನೆಯ ಬೆಳಿಗ್ಗೆ ಬರುವವರು. ನಮಗಿದ್ದದ್ದು ಅಷ್ಟೇ ಹೊತ್ತು.

ನಾನು ಕೋಟು ಬಿಚ್ಚಿದೆ. ಅವತ್ತು ನಾವಿಬ್ಬರೂ ಮಾಡಿದ ಕೆಲಸ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಹೂವೆಲ್ಲ ಆಚೆಗೆ. ಒಂದೊಂದೇ ಸಿಗಾರನ್ನು ಎತ್ತಿ, ಒಣ ಮಲ್ ಬಟ್ಟೆಯಲ್ಲಿ ಕುಂಕುಮ ಒರೆಸಿ, ಬಿಳಿ ಬಟ್ಟೆಯ ಮೇಲೆ ಮಲಗಿಸಿದೆವು. ಜಯಮ್ಮನ ಬೆರಳು ನನಗಿಂತ ಹಗುರ, ಒಂದು ಎಲೆಯೂ ಸೀಳಲಿಲ್ಲ. ಹಲಗೆಗಳನ್ನು ಬಿಚ್ಚಿ ನೆರಳಲ್ಲಿ ಗಾಳಿಗೆ ನಿಲ್ಲಿಸಿದೆವು. ತೇವವನ್ನು ಒಂದೇ ಏಟಿಗೆ ಇಳಿಸುವ ಹಾಗಿಲ್ಲವಲ್ಲ, ಒಣ ಸೀಡರ್ ಚಕ್ಕೆಗಳನ್ನಿಟ್ಟು, ತೆಗೆದು, ಮತ್ತೆ ಇಟ್ಟು, ಮೀಟರಿನ ಮುಂದೆ ಇಬ್ಬರೂ ತಪಸ್ಸಿಗೆ ಕೂತೆವು. ಎಂಬತ್ತರಿಂದ ಎಪ್ಪತ್ತೆಂಟು. ಎಪ್ಪತ್ತೇಳು. “ಇಳೀತು ಅಣ್ಣ, ಇಳೀತು!” ಎಂದು ಜಯಮ್ಮ ಕೂಗಿದರೆ ಕಾಳೇಗೌಡ ಅಡುಗೆಮನೆಯಿಂದ ಓಡಿ ಬಂದ. ಸಂಗತಿ ಕೇಳಿ ಬಾಯಿ ಮುಚ್ಚಿಕೊಂಡು, ನಮ್ಮಿಬ್ಬರಿಗೂ ಅನ್ನ ಸಾರು ತಂದಿಟ್ಟು ಹೋದ.

ತೇವ ಹದಕ್ಕೆ ಬಂತು. ಮಲ್ಲಿಗೆ ಹೋಗಲಿಲ್ಲ. ಮೇಲಿನ ಹಲಗೆಯಲ್ಲಿ ಸೀಲು ಒಡೆಯದ ಡಬ್ಬಿಗಳಿದ್ದವು, ಅವಕ್ಕೇನೂ ಆಗಿರಲಿಲ್ಲ. ಮದುವೆಯವರಿಗೆ ಅಷ್ಟು ಸಾಕಿತ್ತು, ಆಮೇಲೆ ಅವನ್ನೇ ಕೊಟ್ಟೆವು ಕೂಡ. ಬಿಡಿಯಾಗಿಟ್ಟ ಸಿಗಾರುಗಳು ಮಾತ್ರ ಹೊಸ ಮದುಮಗಳ ಹಾಗೆ ಘಮಘಮ ಎನ್ನುತ್ತಿದ್ದವು.

ಬೆಳಿಗ್ಗೆ ಉತ್ತಯ್ಯ ಸಾರ್ ಬಂದರು. ಬೀರು ತೆರೆಯುವುದಕ್ಕೂ ಮುಂಚೆಯೇ ಮೂಗು ಎತ್ತಿದರು. ತೆರೆದರು. ಒಂದು ಸಿಗಾರು ಎತ್ತಿಕೊಂಡರು. “ಯಾರು?”

ನಾನು ಮುಂದೆ ಬಂದೆ. “ನಾನೇ ಸಾರ್. ಊರಿಗೆ ಹೋಗೋ ಮುಂಚೆ ಪೂಜೆ ಮಾಡಿ, ಹೂವು ಒಳಗೇ ಬಿಟ್ಟುಬಿಟ್ಟೆ.” ನನ್ನದು ಪರ್ಮನೆಂಟ್ ನೌಕರಿ, ಬೈಗುಳಕ್ಕೆ ಮುಗಿಯುತ್ತದೆ ಎಂದು ನನ್ನ ಲೆಕ್ಕ.

ಜಯಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಏನಣ್ಣಾ ಇಂಗಂತೀರಾ? ಪೂಜೆ ಮಾಡಿದ್ದು ನಾನು. ಊವ ಕಟ್ಟಿದ್ದು ನಾನು. ನೀವು ನಂದು ಅಂದ್ಬುಟ್ರೆ ಪುಣ್ಯಾನೂ ನಿಮ್ಗೇ ಓಗ್ತದೆ. ನಾನ್ ಬುಡಕಿಲ್ಲ.” ಆಮೇಲೆ ಸಾರ್ ಕಡೆ ತಿರುಗಿ, “ತೆಪ್ಪೂ ನಂದೇ ಸಾರ್” ಎಂದಳು.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಉತ್ತಯ್ಯ ಸಾರ್ ಆಕೆಯನ್ನೇ ನೋಡುತ್ತಾ, “ಬೀಗದ ಕೈ ಯಾರು ಕೊಟ್ಟಿದ್ದು?” ಎಂದರು.

“ನೀವೇ ಸಾರ್. ಗಾಜು ಒರುಸ್ಬೇಕು ಅಂತ ಕೇಳ್ದೆ. ಪೋನಲ್ ಮಾತಾಡ್ತಾ ಕೊಟ್ರಿ. ಒರುಸ್ದೆ ಕೂಡಾ.”

ಅವರು ಕೈಯಲ್ಲಿದ್ದ ಸಿಗಾರಿನ ತುದಿ ಕತ್ತರಿಸಿ, ಹೊಳೆಯ ಕಡೆಗಿನ ಜಗಲಿಗೆ ಹೋಗಿ ಹಚ್ಚಿದರು. ನಾವಿಬ್ಬರೂ ಬಾಗಿಲಲ್ಲೇ ನಿಂತೆವು. ಅವರು ಒಂದು ದಮ್ಮು ಎಳೆಯುತ್ತಾರೆ, ಹೊಳೆ ನೋಡುತ್ತಾರೆ, ಮತ್ತೊಂದು ಎಳೆಯುತ್ತಾರೆ. ಎಸೆದುಬಿಡುತ್ತಾರೆ ಎಂದು ಕಾದರೆ ಎಸೆಯಲಿಲ್ಲ. ಅರ್ಧ ಬೂದಿಯಾಗುವವರೆಗೂ ಸೇದಿದರು.

ಒಳಗೆ ಬಂದು, “ಪೂರ್ತಿ ಹಾಳಾಗಿದೆ. ಯಾವ ಗೆಸ್ಟಿಗೂ ಕೊಡೋ ಹಾಗಿಲ್ಲ” ಎಂದರು. ಜಯಮ್ಮ ತಲೆ ತಗ್ಗಿಸಿದಳು. “ಮುಂದಿನ ವರ್ಷ ಈ ಬೀರುವಿಗೆ ಯಾರು ಪೂಜೆ ಮಾಡ್ತಾರೆ?”

“ಇನ್ ಮಾಡಕಿಲ್ಲ ಬುಡಿ ಸಾರ್. ಬುದ್ದಿ ಬಂತು.”

“ಮಾಡಬೇಕು. ಬಾಗಿಲು ತೆಗೀಬೇಡಿ, ಹೊರಗಡೆ ಮಾಡಿ. ಮುಂದಿನ ವರ್ಷವೂ ನೀವೇ ಮಾಡಿ, ಅದರ ಮುಂದಿನ ವರ್ಷವೂ ನೀವೇ ಮಾಡಿ. ನಿಮ್ಮ ಹೆಸರು ಇವತ್ತು ಕಳಿಸ್ತಾ ಇದೀನಿ.”

ಹಾಗೆಂದವರು ಅರ್ಧ ಉಳಿದ ಸಿಗಾರನ್ನು ಹಿಡಿದುಕೊಂಡೇ ಆಫೀಸಿನ ಕಡೆ ಹೊರಟರು. ಅವರ ಭುಜ ಕುಲುಕುತ್ತಿತ್ತು. ಆ ಮನುಷ್ಯ ನಗುತ್ತಿದ್ದರು! ನನಗೆ ಅಲ್ಲೇ ಕುಣಿದುಬಿಡಬೇಕು ಅನ್ನಿಸಿತು, ಕಣ್ಣೂ ತುಂಬಿ ಬಂತು. ಜಯಮ್ಮನಿಗೆ ಮಾತ್ರ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ಅಳಲೂ ಇಲ್ಲ, ನಗಲೂ ಇಲ್ಲ. ನಾಲ್ಕು ಹೆಜ್ಜೆ ಓಡಿಹೋಗಿ ಅವರನ್ನು ತಡೆದು ನಿಲ್ಲಿಸಿ ಕೇಳಿದಳು:

“ಸಾರ್, ವರ್ಗಡೆ ಅಂದ್ರೆ ಊವ ಗಾಜಿನ್ ಮ್ಯಾಲ್ ಆಕ್ಲೋ, ಚಿಲ್ಕುಕ್ಕೆ ಕಟ್ಲೋ?”